ಒಂಬತ್ತನೇ ಸಾಲು

ದಮನ್‌ಹೂರಿನ ಆಸ್ಪತ್ರೆ. ತುರ್ತು ವಿಭಾಗ. ರಾತ್ರಿ ಪಾಳಿ.
ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೇನೆ,
ರಟ್ಟಿನ ಹಲಗೆ ಎದೆಗವಚಿ.
ಐವತ್ತೆರಡು ಸಾಲು, ಮೂರು ಮನೆ:
ಮಾಡಿದಳು, ಅರ್ಧ ಮಾಡಿದಳು, ಮಾಡಲಿಲ್ಲ.
ಎರಡು, ಒಂದು, ಸೊನ್ನೆ.
ಕಾಲೇಜಿನ ಕಟ್ಟಪ್ಪಣೆ: ಮಾತಾಡಕೂಡದು, ಕೈ ಹಾಕಕೂಡದು,
ಇದ್ದೂ ಇಲ್ಲದಂತಿರಬೇಕು.

ಇಂತಿಸಾರ್ ಮಾತ್ರ ನನ್ನ ಕಂಡ ಕೂಡಲೇ ಕೇಳಿದ್ದಳು:
"ಏನಮ್ಮಾ, ಹವಾಮಾನ ಇಲಾಖೆಯವಳಾ ನೀನು?
ನಿಂತು ನೋಡಿ ಬರಕೊಂಡು ಹೋಗೋಳು?"
ಇಪ್ಪತ್ತಾರು ವರ್ಷದ ಸರ್ವೀಸು. ಮಂಡಿನೋವು.
ಗಾಜಿನ ಲೋಟದ ಚಹಾಕ್ಕೆ ನಾಲ್ಕು ಚಮಚ ಸಕ್ಕರೆ;
ಕಲಕಿದ್ದಷ್ಟೇ, ಕುಡಿದದ್ದು ನಾನು ಕಾಣೆ.

ಒಂದೂಕಾಲಿಗೆ ಟುಕ್‌ಟುಕ್ ಬಂದು ಬಾಗಿಲಿಗೇ ಗುದ್ದಿತು.
ಒಳಗೆ ಶಾಬಾನ್, ಹತ್ತೊಂಬತ್ತರ ಹುಡುಗ,
ಟೊಮೆಟೊ ಹೊಲಕ್ಕೆ ಔಷಧಿ ಹೊಡೆವ ದಿನಗೂಲಿ.
(ವಿಷಕ್ಕೆ ಔಷಧಿ ಎಂದೇ ಹೆಸರು ಹೊಲದಲ್ಲಿ.)
ಬೆನ್ನಿನ ಡಬ್ಬ ಸೋರಿ ಸಂಜೆಯಿಂದ ಅಂಗಿ ತೊಯ್ದಿತ್ತಂತೆ.
"ಬೆವರು ಅಂದುಕೊಂಡ, ಬೆವರು ಅಂದುಕೊಂಡ,"
ಅಣ್ಣ ಹೇಳುತ್ತಲೇ ಇದ್ದಾನೆ, ಯಾರೂ ಕೇಳದಿದ್ದರೂ.
ಬಾಯ ಕೊನೆಯಿಂದ ನೊರೆಜೊಲ್ಲು,
ಎದೆಯೊಳಗೆ ಹುಕ್ಕಾದ ಗುಳುಗುಳು,
ಕಣ್ಣ ಪಾಪೆ ಸಾಸಿವೆ, ಅದರಲ್ಲೂ ಸಣ್ಣ ಜಾತಿಯ ಸಾಸಿವೆ.

ಇಂತಿಸಾರ್ ಓಡಲಿಲ್ಲ. ಆದರೂ ಮೊದಲು ತಲುಪಿದವಳು ಅವಳೇ.
ಮಗ್ಗುಲಿಗೆ ಹೊರಳಿಸಿದಳು. ಬಾಯಿ ಹೀರಿದಳು. ಆಮ್ಲಜನಕ.
ನರ ಸಿಕ್ಕಿತು ಒಂದೇ ಚುಚ್ಚಿಗೆ.
ನನ್ನ ಪೆನ್ನು ಎರಡು, ಎರಡು, ಎರಡು ಎನ್ನುತ್ತ
ಏದುಸಿರು ಬಿಟ್ಟು ಹಿಂಬಾಲಿಸಿತು.

ಒಂಬತ್ತನೇ ಸಾಲು:
'ಬಟ್ಟೆ ಕಳಚುವ ಮೊದಲು ಕೈಗವಸು ಧರಿಸುತ್ತಾಳೆ.'
ಅವಳು ಕಪಾಟಿನತ್ತ ನೋಡಿದಳು.
ಕಪಾಟಿಗೆ ಬೀಗ. ಬೀಗದ ಕೈ ರಾಫತರ ಜೇಬಿನಲ್ಲಿ.
ರಾಫತರು ಅವರ ಮನೆಯ ಹಾಸಿಗೆಯಲ್ಲಿ.
ಹುಡುಗನತ್ತ ನೋಡಿದಳು,
ಒಂದು ಉಸಿರಿನಷ್ಟು ಹೊತ್ತು
(ಅವನದಲ್ಲ, ಅವನ ಉಸಿರು ಅಷ್ಟು ಉದ್ದವಿರಲಿಲ್ಲ).
ಬರಿಗೈಯಲ್ಲೇ ಅಂಗಿ ಹರಿದಳು.

ಸೋಪು, ನೀರು, ಕಂಕುಳು, ಕಿವಿಯ ಹಿಂದೆ, ಉಗುರಿನ ಸಂದಿ.
ಕೂಸಿಗೆ ಎರೆದ ಹಾಗೆ ಎಂದು ಬರೆಯಲಾರೆ.
ಪಾತ್ರೆ ತಿಕ್ಕಿದ ಹಾಗೆ. ತಳ ಹಿಡಿದ ಪಾತ್ರೆ.
ನಾನು ಸೊನ್ನೆ ಬರೆದೆ. ದುಂಡಗೆ.

ಆಮೇಲೆ ಅಟ್ರೊಪಿನ್. ಐದು ನಿಮಿಷ. ದುಪ್ಪಟ್ಟು. ಮತ್ತೆ ಐದು ನಿಮಿಷ.
ಎಳೆಯ ಡಾಕ್ಟರು ಗಡಿಯಾರ ನೋಡಿದರೆ
ಅವಳು ಎದೆಗೆ ಕಿವಿಗೊಟ್ಟು "ಇನ್ನೂ ಹಸಿ" ಎನ್ನುವಳು,
ಇಟ್ಟಿಗೆ ಗೂಡಿನವಳ ಹಾಗೆ.
ನಲವತ್ತೊಂದನೇ ಸಾಲು, 'ಬಂಧುಗಳಿಗೆ ಧೈರ್ಯ ಹೇಳುತ್ತಾಳೆ':
"ಬಾಯಿ ಮುಚ್ಚಿ ಕೂತ್ಕೋ, ಸಾಯಲ್ಲ" ಎಂದಳು.
ಅರ್ಧ ಕೊಟ್ಟೆ.
ಮೂರಕ್ಕೆ ಗುಳುಗುಳು ನಿಂತಿತು.
ಮೂರೂವರೆಗೆ ಶಾಬಾನ್ ಒಣನಾಲಿಗೆಯಲ್ಲಿ ಅಣ್ಣನಿಗೆ ಬೈದ.

ಅವಳು ಆಗ ಕೂತಳು. ಹಣೆ ಒತ್ತಿಕೊಂಡಳು.
"ಈ ದೀಪ ಯಾಕಿಷ್ಟು ಮಬ್ಬು?"
ದೀಪ ಮಬ್ಬಿರಲಿಲ್ಲ.
ಹತ್ತಿರ ಹೋಗಿ ಕಣ್ಣು ನೋಡಿದೆ.
ಸಾಸಿವೆಯಲ್ಲ, ಇನ್ನೂ. ಆದರೆ ಅದರ ದಾರಿ.
ಹಲಗೆ ನೆಲಕ್ಕಿಟ್ಟು ಡಾಕ್ಟರನ್ನು ಕೂಗಿದೆ,
ಅವಳೆರಡೂ ಕೈ ಹಿಡಿದು ನಲ್ಲಿಗೊಡ್ಡಿದೆ.
ತೊಳೆದಿದ್ದಳು, ಎರಡು ಸಲ, ಅವಸರದಲ್ಲಿ.
ನನಗೆ ಅವಸರವಿರಲಿಲ್ಲ.

"ಕೈಗವಸಿಗೆ ಎಷ್ಟು ಕೊಟ್ಟೆ?"
"ಸೊನ್ನೆ." ಗಂಟಲು ಕಟ್ಟಿತು. "ಒಂದು ಮಾಡ್ತೀನಿ, ಇರಿ."
"ಮುಟ್ಟಿದೆಯೋ ನೋಡು! ಸೊನ್ನೆ ಇರಲಿ.
ನನ್ನ ಮರ್ಯಾದೆ ಕಾಯೋಕೆ ಹೋದರೆ
ಆ ಬೀಗ ಇನ್ನೂ ಇಪ್ಪತ್ತಾರು ವರ್ಷ ಅಲ್ಲೇ ನೇತಾಡುತ್ತೆ."

ನೂರಾ ನಾಲ್ಕಕ್ಕೆ ನೂರಾ ಒಂದು.
ಷರಾ ಬರೆಯಲು ಜಾಗವಿಲ್ಲದ ಹಾಳೆ;
ಅಂಚಿನಲ್ಲಿ ಒತ್ತಿ ಬರೆದೆ: ಕಪಾಟು. ಬೀಗ. ರಾತ್ರಿ ಯಾರ ಬಳಿಯೂ ಕೈ ಇಲ್ಲ.

ಬೆಳಕಾಗುವಾಗ ಅಣ್ಣ ಮೂಲೆಗೆ ಬಗ್ಗಿದ,
"ಅಂಗಿ ಹೊಲಿಸಬಹುದು, ಹೊಸದು" ಎನ್ನುತ್ತ ಚೀಲಕ್ಕೆ ಕೈ ಚಾಚಿ.
"ಮುಟ್ಟಬೇಡ!"
ಒಟ್ಟಿಗೇ ಕಿರುಚಿದೆವು,
ಅವಳು ಹಾಸಿಗೆಯಿಂದ, ನಾನು ಗೋಡೆಯಿಂದ.